ಪೊರೆ

ಅಕ್ಟೋಬರ್ 26, 2024, ಶನಿವಾರ

ಈ ಡೈರಿ ತಾಂಡೂರಿನ ಸಿಮೆಂಟ್ ಅಂಗಡಿಯವರು ಜನವರಿಯಲ್ಲಿ ನನ್ನ ಗಂಡ ಜ್ಞಾನೇಶ್ವರನಿಗೆ ಕೊಟ್ಟದ್ದು. ಹತ್ತು ತಿಂಗಳು ಕಪಾಟಿನಲ್ಲಿ ಸುಮ್ಮನೆ ಬಿದ್ದಿತ್ತು, ನನ್ನ ಪಿಎಚ್‌ಡಿಯ ಹಾಗೆ. ಯಾರ ಮೇಲಾದರೂ ಕೂಗಾಡಬೇಕು ಅನ್ನಿಸುತ್ತಿದೆ. ಗಂಡ ತಾಂಡೂರಿನ ಫ್ಯಾಕ್ಟರಿಯಲ್ಲಿ, ವಾರಕ್ಕೊಮ್ಮೆ ಬರುವವನು. ಮನೆಯಲ್ಲಿ ಇರುವುದು ಅತ್ತೆ ಒಬ್ಬರೇ, ಅವರು ಜಗಳಕ್ಕೆ ಬರುವುದಿಲ್ಲ. ಹಾಗಾಗಿ ಬರೆಯುತ್ತೇನೆ. ಕನ್ನಡದಲ್ಲಿ ಬರೆದರೆ ಒಂದು ಅನುಕೂಲ: ಜಹೀರಾಬಾದಿನ ನಮ್ಮ ಕಾಲೇಜಿನಲ್ಲಿ ಇದನ್ನು ಓದುವವರಿಲ್ಲ. ಜ್ಞಾನೇಶ್ವರನಿಗೆ ಮಾತು ಬರುತ್ತದೆ, ಅಕ್ಷರ ಬಾರದು. ನನಗೆ ಅಕ್ಷರ ಕಲಿಸಿದ್ದು ಅಪ್ಪ, ತವರೂರು ಮನೂರಿನಲ್ಲಿ, ತೊಗರಿ ರಾಶಿಯ ಪಕ್ಕ ಕೂರಿಸಿಕೊಂಡು.

ದೀಪಾವಳಿಗೆ ಕಾಲೇಜು ರಜೆ. ಲ್ಯಾಬಿನಲ್ಲಿ ಇಲಿ ಕಾಟ. ಅದಕ್ಕೆ ಗಾಜಿನ ಡಬ್ಬಿ ಮನೆಗೆ ತಂದು ಫ್ರಿಜ್ಜಿನಲ್ಲಿಟ್ಟೆ. ಒಳಗೆ ನನ್ನ ಪ್ರಯೋಗದ ಹನ್ನೆರಡು ಗಾಜಿನ ಚೂರು, 13ರಿಂದ 24ರವರೆಗೆ ನಂಬರು ಬರೆದಿದ್ದೇನೆ. ಒಂದೊಂದರ ಮೇಲೂ ಹೈದರಾಬಾದಿನಲ್ಲಿ ಹಾಕಿಸಿದ ಬೆಳ್ಳಿಯ ಲೇಪ. ಕೂದಲಿನ ಸಾವಿರದ ಒಂದು ಪಾಲೂ ದಪ್ಪ ಇಲ್ಲ. ಕೆಲವು ಆಗಲೇ ಕಪ್ಪಾಗಿವೆ.

ಅತ್ತೆ ಹಿಂದೆಯೇ ಬಂದರು. "ಇದೇನ್ ಮಾಧುರಿ, ಫ್ರಿಜ್ಜಿನಾಗ ಕನ್ನಡಿ ಇಡಾಕತ್ತೀ?"

"ಕನ್ನಡಿ ಅಲ್ರಿ ಅತ್ತಿ, ಬೆಳ್ಳಿ."

"ಬೆಳ್ಳಿ ಕಪ್ಪಾದ್ರ ಏನ್ ಮಾಡ್ತಿ?"

"ಬಿಸಾಕ್ತೀನಿ."

ಎದೆಯ ಮೇಲೆ ಕೈ ಇಟ್ಟುಕೊಂಡರು. ಬೆಳ್ಳಿ ಬಿಸಾಡುವ ಸೊಸೆ ಬಂದಳಲ್ಲ ಅಂತ ಇರಬೇಕು. ಆಮೇಲೆ ಕಣ್ಣಿನ ಪುರಾಣ: ಮಂಜಾಗುತ್ತಿದೆ, ಡಾಕ್ಟರಿಗೆ ತೋರಿಸು. ಮಾರ್ಚ್ ಆಗಲಿ ಅಂದೆ. ಮಾರ್ಚ್ 20ಕ್ಕೆ ಹೈದರಾಬಾದಿನಲ್ಲಿ ಪಿಎಚ್‌ಡಿ ಸಮಿತಿಯ ಮುಂದೆ ನಿಲ್ಲಬೇಕು. ಐದನೆಯ ವರ್ಷ, ಕೊನೆಯ ಅವಕಾಶ. ತೋರಿಸುವಂಥದ್ದು ಏನೂ ಸಿಗದಿದ್ದರೆ ನೋಂದಣಿ ರದ್ದು. ಈ ಮುದುಕಿಗೆ ಅದೆಲ್ಲ ಹೇಗೆ ತಿಳಿಯಬೇಕು?

ನವೆಂಬರ್ 5, ಮಂಗಳವಾರ

ಇಪ್ಪತ್ತೆರಡು!

ನಿನ್ನೆ ಡಬ್ಬಿ ಲ್ಯಾಬಿಗೆ ವಾಪಸ್ ತಂದೆ, ಇವತ್ತು ಮೂರು ಸಲ ಅಳೆದೆ. ಮೂರು ಸಲವೂ ಇಪ್ಪತ್ತೆರಡರ ಆಸುಪಾಸು. ಹದಿನೇಳನೆಯ ಗಾಜು. ನಾಳೆ ಇದನ್ನು ನಾನೇ ನಂಬಲಿಕ್ಕಿಲ್ಲ, ಅದಕ್ಕೆ ಬಿಡಿಸಿ ಬರೆಯುತ್ತೇನೆ.

ನನ್ನ ಹತ್ತಿರ ಒಂದು ಗುಲಾಬಿ ಬಣ್ಣ ಇದೆ. ಅದಕ್ಕೆ ಹಸಿರು ಬೆಳಕು ಕೊಟ್ಟರೆ ಕುಡಿದು ಕಿತ್ತಳೆ ಬೆಳಕು ಉಗುಳುತ್ತದೆ. ಬರೀ ಗಾಜಿನ ಮೇಲೆ ಎಷ್ಟು ಬೆಳಗುತ್ತದೋ ಅದನ್ನು ಒಂದು ಅಂತ ಹಿಡಿಯುತ್ತೇನೆ. ಬೆಳ್ಳಿಯ ಹತ್ತಿರ ಇಟ್ಟರೆ ಹೆಚ್ಚು ಬೆಳಗಬೇಕು. ಲೋಹದ ಮೈಯಲ್ಲಿರುವ ಎಲೆಕ್ಟ್ರಾನುಗಳು ಬೆಳಕಿನ ಜೊತೆ ಓಲಾಡಿ ಅಲ್ಲೇ ಪಕ್ಕದಲ್ಲಿ ಬೆಳಕನ್ನು ಗುಡ್ಡೆ ಹಾಕುತ್ತವೆ. ಆದರೆ ಬಣ್ಣ ಬೆಳ್ಳಿಗೇ ಅಂಟಿತೋ, ಕತೆ ಮುಗಿಯಿತು. ಬೆಳ್ಳಿ ಬೆಳಕನ್ನೆಲ್ಲ ನುಂಗಿ ಕೂರುತ್ತದೆ. ಎರಡರ ನಡುವೆ ಒಂದು ತೆಳು ಪೊರೆ ಬೇಕು, ಹತ್ತು ನ್ಯಾನೋಮೀಟರಿನದು. ನಾನು ಪ್ಲಾಸ್ಟಿಕ್ ದ್ರಾವಣ ಹಾಕಿ ಆ ಪೊರೆ ಮಾಡುತ್ತೇನೆ. ಒಮ್ಮೆ ದಪ್ಪ, ಒಮ್ಮೆ ತೆಳು, ಒಮ್ಮೆ ತೂತು. ನಾಲ್ಕು ವರ್ಷ ಇದರಲ್ಲೇ ಹೋಗಿದೆ. ಇದುವರೆಗೆ ನನ್ನ ದೊಡ್ಡ ಸಾಧನೆ ಎಂದರೆ ಮೂರು ಪಟ್ಟು.

ತಮಾಷೆ ಏನೆಂದರೆ, ಹದಿನೇಳಕ್ಕೆ ನಾನು ಪೊರೆಯನ್ನೇ ಹಾಕಿರಲಿಲ್ಲ. ಹೋಲಿಸಿ ನೋಡಲು ಬೇಕಲ್ಲ ಅಂತ ಹಾಗೇ ಬೆಳ್ಳಿಯ ಮೇಲೆ ಬಣ್ಣ ಸವರಿದ್ದು. ಅದು ಸಾಯಬೇಕಿತ್ತು. ಬದಲಿಗೆ ಕತ್ತಲೆ ಪೆಟ್ಟಿಗೆಯೊಳಗೆ ಕೆಂಡದ ಹಾಗೆ ಕೂತಿದೆ.

ಕಲ್ಯಾಣಪ್ಪ ಸರ್‌ಗೆ ಫೋನು ಮಾಡಿದೆ. ಹೈದರಾಬಾದಿನಲ್ಲಿ ನನ್ನ ಮಾರ್ಗದರ್ಶಕರು, ಬೀದರ್ ಕಡೆಯವರು. "ಮತ್ತೊಮ್ಮೆ ಮಾಡಿ ತೋರಿಸು. ಒಮ್ಮೆ ಬಂದದ್ದು ಸುದ್ದಿ. ಹತ್ತು ಸಲ ಬಂದ್ರ ಫಲಿತಾಂಶ" ಅಂದರು. ಅಭಿನಂದನೆ ಹೇಳಲು ಮರೆತರು.

ನವೆಂಬರ್ 6, ಬುಧವಾರ

ಡಬ್ಬಿಯಲ್ಲಿ ಹನ್ನೊಂದೇ ಇವೆ. ಹತ್ತೊಂಬತ್ತನೆಯದು ಇಲ್ಲ. ಇಪ್ಪತ್ತೊಂದರ ಮೇಲೆ ಬೆಳ್ಳಿಯೇ ಇಲ್ಲ, ಬೋಳು ಗಾಜು. ನಿನ್ನೆ ಖುಷಿಯಲ್ಲಿ ಎಣಿಸಿರಲಿಲ್ಲ.

ಲ್ಯಾಬಿನ ಬೀಗದ ಕೈ ಇರುವುದು ನನ್ನ ಬಿಟ್ಟರೆ ಕಿಷ್ಟಪ್ಪನ ಹತ್ತಿರ. ಇಪ್ಪತ್ತೊಂದು ವರ್ಷದಿಂದ ಇಲ್ಲಿನ ಅಟೆಂಡರ್. ಕೇಳಿದೆ. "ನಾ ಮುಟ್ಟಿಲ್ರಿ ಮೇಡಂ" ಅಂದ, ಆದರೆ ನೆಲ ನೋಡುತ್ತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ. ಪ್ರಿನ್ಸಿಪಾಲರಿಗೆ ಬರೆದು ಕೊಟ್ಟೆ.

ಮನೆಯಲ್ಲಿ ಅತ್ತೆಗೆ "ಯಾರೋ ನನ್ನ ಗಾಜು ಕದ್ದಾರ" ಅಂತ ಹೇಳಿದೆ. ಅವರ ಕೈಯಿಂದ ಸೌಟು ಜಾರಿತು. ಪರವಾಗಿಲ್ಲ, ನನಗೆ ಅನ್ಯಾಯ ಆದರೆ ಅವರಿಗೂ ಸಿಟ್ಟು ಬರುತ್ತದೆ.

ನವೆಂಬರ್ 19, ಮಂಗಳವಾರ

0.4. 1.8. 2.1. 0.3.

ಹದಿನೇಳಕ್ಕೆ ಮಾಡಿದ್ದನ್ನೇ ಮಾಡಿದ್ದೇನೆ. ಅದೇ ಬಣ್ಣ, ಅದೇ ಬೆಳ್ಳಿ, ಅದೇ ಕೈ.

ಡಿಸೆಂಬರ್ 4, ಬುಧವಾರ

ಕಾಲೇಜಿನ ಸಮಾರಂಭದಲ್ಲಿ ಪ್ರಿನ್ಸಿಪಾಲರು ನನ್ನ ಸಂಶೋಧನೆಯನ್ನು ಕೊಂಡಾಡಿದರು. ಬಣ್ಣ ಲೋಹಕ್ಕೆ ತೀರಾ ಹತ್ತಿರವೂ ಇರಬಾರದು, ದೂರವೂ ಇರಬಾರದು. ಗಂಡ ಹೆಂಡಿರೂ ಹಾಗೇ, ನೆರೆಹೊರೆಯವರೂ ಹಾಗೇ, ಭಾರತ ಪಾಕಿಸ್ತಾನವೂ ಹಾಗೇ ಅಂತ ಇಪ್ಪತ್ತು ನಿಮಿಷ. ಚಪ್ಪಾಳೆ ಬಿತ್ತು. ನನ್ನ ನಾಲ್ಕು ವರ್ಷದ ದುಡಿಮೆ ಮದುವೆ ಮಂಟಪದ ಉಪದೇಶಕ್ಕೆ ಒದಗಿತು. ಇನ್ನು ಯಾರಾದರೂ ಅಂತರ ಅಂದರೆ ಎದ್ದು ಹೋಗುತ್ತೇನೆ.

ಕಿಷ್ಟಪ್ಪನನ್ನು ಲ್ಯಾಬಿನಿಂದ ತೆಗೆದು ಗೇಟಿಗೆ ಹಾಕಿದ್ದಾರೆ. ಈಗ ಲ್ಯಾಬು ನಾನೇ ಗುಡಿಸಬೇಕು.

ಡಿಸೆಂಬರ್ 22, ಭಾನುವಾರ

ಜ್ಞಾನೇಶ್ವರ ಬಂದಿದ್ದಾನೆ. ಊಟಕ್ಕೆ ಕೂತಾಗ ಅವನ ತಾಯಿ ತಟ್ಟೆಯ ಪಕ್ಕ, ನೆಲಕ್ಕೆ, ಬೇಳೆ ಸುರಿದರು. ತಟ್ಟೆ ಕಂಡಿರಲಿಲ್ಲ. ಅವನು ನನ್ನ ಮುಖ ನೋಡಿದ.

"ಅವ್ವನ ಕಣ್ಣಿಗಿ ತೋರ್ಸಿದೇನು?"

"ಮಾರ್ಚ್ ಆಗ್ಲಿ."

"ನೀ ಆಕೀಗಿ ಅವ್ವ ಅಂತನೂ ಅನ್ನಲ್ಲ. ಬರೇ ಅತ್ತಿ, ಅತ್ತಿ."

"ನಮ್ಮವ್ವ ಒಬ್ಬಾಕಿ. ಆಕಿ ಹೋಗ್ಯಾಳ."

ತಟ್ಟೆ ತನ್ನ ಕಡೆ ಎಳೆದುಕೊಂಡ. ನಾನು ತಪ್ಪೇನೂ ಹೇಳಲಿಲ್ಲ. ನಮ್ಮವ್ವ ಹೋಗಿ ಹನ್ನೊಂದು ವರ್ಷ, ಆ ಮಾತು ಈಗ ಬಾಯಿಗೆ ಬರುವುದೇ ಇಲ್ಲ. ಅತ್ತೆ ಮಾತ್ರ ನೆಲ ಒರೆಸುತ್ತ ಒರೆಸುತ್ತ "ಇರ್ಲಿ ಬಿಡ್ರಿ, ಮಾರ್ಚ್ ಏನ್ ದೂರ ಅದ?" ಅಂದರು. ಅವರು ನನ್ನ ಪರ ಯಾಕೆ ವಹಿಸಬೇಕು? ಅದೇ ಒಂದು ಕಿರಿಕಿರಿ.

ಜನವರಿ 9, 2025, ಗುರುವಾರ

ಹೊಸ ಡೈರಿ ಬಂದಿಲ್ಲ. ಇದರಲ್ಲೇ ಜನವರಿಯ ಪುಟಗಳು ಖಾಲಿ ಇವೆ.

0.4.

ಜನವರಿ 14, ಮಂಗಳವಾರ

ಸಂಕ್ರಾಂತಿ. ಮನೂರಿನಿಂದ ಅಪ್ಪ ಹಸಿ ಕಡಲೆ, ಸೀತನಿಗೆ ಜೋಳದ ಎಳೆ ತೆನೆ ಕಳಿಸಿದ್ದ. ಅತ್ತೆ ಸೀತನಿ ಕೆಂಡದ ಮೇಲೆ ಸುಟ್ಟು, ಕೈಯಲ್ಲಿ ಉಜ್ಜಿ, ಊದಿ ಬಟ್ಟಲಿಗೆ ಹಾಕಿಕೊಟ್ಟರು. ಕಣ್ಣು ಕಾಣದಿದ್ದರೂ ಒಂದು ಕಾಳಿಗೂ ಹೊಟ್ಟು ಇರಲಿಲ್ಲ. ತಿಂದೆ. ಮತ್ತೆ ಕೆಲಸಕ್ಕೆ ಕೂತೆ.

ಫೆಬ್ರವರಿ 4, ಮಂಗಳವಾರ

ಕಲ್ಯಾಣಪ್ಪ ಸರ್ ಫೋನು. ಮತ್ತೊಮ್ಮೆ ಆತೇನು? ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ಆಗಿಲ್ಲ ಅಂದೆ. "ಹಂಗಾದ್ರ ಆ ಹದಿನೇಳನ್ನ ಮರ್ತು ಬಿಡು. ಎಲ್ಲೋ ತಪ್ಪಾಗಿರಬೇಕು" ಅಂದರು.

ಮರೆಯುವುದು ಹೇಗೆ? ದಿನಾ ಒಮ್ಮೆ ಪೆಟ್ಟಿಗೆಯೊಳಗಿಟ್ಟು ನೋಡುತ್ತೇನೆ. ಇವತ್ತೂ ಬೆಳಗಿತು. ಅಳು ಬಂತು. ಅಳುವುದಕ್ಕೆ ಲ್ಯಾಬೇ ವಾಸಿ, ಮನೆಯಲ್ಲಾದರೆ ಅತ್ತೆ ಚಹಾ ತಂದಿಡುತ್ತಾರೆ.

ಫೆಬ್ರವರಿ 23, ಭಾನುವಾರ

ಕಿಷ್ಟಪ್ಪ ಮನೆಗೆ ಬಂದಿದ್ದ. ಹೊಲದ ಹಸಿ ಶುಂಠಿ ಒಂದು ಚೀಲ ತಂದಿದ್ದ.

"ಮೇಡಂ, ಗೇಟಿನಾಗ ನಿಂತು ನಿಂತು ಕಾಲು ಬಾತಾವ್ರಿ. ನೀವೊಂದು ಮಾತು ಹೇಳಿದ್ರ ಸಾಹೇಬ್ರು ತಿರುಗಿ ಒಳಗ ತೊಗೋತಾರ."

"ಡಬ್ಬಿ ಮುಟ್ಟಿದ್ದು ಒಪ್ಪಿಕೊ. ಇವತ್ತೇ ಹೇಳ್ತೀನಿ."

"ಮುಟ್ಟಲಾರದ್ದು ಹ್ಯಾಂಗ ಒಪ್ಪಿಕೊಳ್ಳಲ್ರಿ? ಇಪ್ಪತ್ತೊಂದು ವರ್ಷನಾಗ ಒಂದು ಟೆಸ್ಟ್ ಟ್ಯೂಬ್ ಸೈತ ಮನಿಗಿ ಒಯ್ದಿಲ್ರಿ."

ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಅವನಿಗೆ ಚಹಾ ಕೊಟ್ಟರು, ಬೀಗರು ಬಂದಾಗ ತೆಗೆಯುವ ಬಸಿಕಪ್ಪಿನಲ್ಲಿ. ಅವನು ಹೋದ ಮೇಲೆ, "ಆತಗ ಯಾಕ ಸಜಾ?" ಅಂತ ಕೇಳಿದರು. ಗಾಜಿನ ಕತೆ ಹೇಳಿದೆ. ಊಟ ಬೇಡವೆಂದು ಎದ್ದು ಹೋದರು. ಶುಂಠಿ ಚೀಲ ಹಾಗೇ ಬಾಗಿಲ ಹತ್ತಿರ ಇದೆ.

ಫೆಬ್ರವರಿ 25, ಮಂಗಳವಾರ

ಇವತ್ತು ಆದದ್ದನ್ನು ಒಂದೊಂದಾಗಿ ಬರೆಯಬೇಕು.

ನಾಳೆ ಶಿವರಾತ್ರಿ. ಮಧ್ಯಾಹ್ನ ಬಂದಾಗ ಅತ್ತೆ ನಡುಮನೆಯಲ್ಲಿ ಹಳೆಯ ಧೋತರ ಹಾಸಿ ಬೆಳ್ಳಿ ದೀಪ, ಕುಂಕುಮದ ಭರಣಿ ಹರವಿಕೊಂಡು ವಿಭೂತಿ ಹಚ್ಚಿ ತಿಕ್ಕುತ್ತಿದ್ದರು. "ಕೂಡು" ಅಂದರು. ಕೂತೆ. ಸೆರಗಿನ ಗಂಟು ಬಿಚ್ಚಿದರು. ಒಳಗೆ ಎರಡು ತುಂಡಾದ ಗಾಜು. ಮೂಲೆಯಲ್ಲಿ ನನ್ನದೇ ಅಕ್ಷರ: 19.

"ಕಿಷ್ಟಪ್ಪಂದು ತಪ್ಪಿಲ್ಲ. ನಂದು."

"ಏನಂದ್ರಿ?"

"ಕಪ್ಪಾದ್ರ ಬಿಸಾಕ್ತೀನಿ ಅಂದಿದ್ದಿ. ಲಕ್ಷ್ಮೀ ಪೂಜಾ ಬಂದಿತ್ತು. ಮನ್ಯಾಗ ಬೆಳ್ಳಿ ಕಪ್ಪಿರಬಾರದು, ಬಿಸಾಕಬಾರದು. ದೀಪ ತಿಕ್ಕಾಕ ಕೂತಿದ್ದೆ, ಅದರ ಕೂಡೆ ನಿನ್ನ ಮೂರು ಗಾಜಿಗೂ ಈಬತ್ತಿ ಹಚ್ಚಿ ತಿಕ್ಕಿದೆ. ಒಂದು ಕೈಯಾಗೇ ಮುರೀತು. ಒಂದರ ಬೆಳ್ಳಿನೇ ಹೋತು. ಹೆದರಿ ಬಿಟ್ಟುಬಿಟ್ಟೆ. ನೀ ಸಿಟ್ಟಿಗಿ ಬರ್ತಿ ಅಂತ ಹೇಳಲಿಲ್ಲ. ಆದ್ರ ಆ ಮನಷ್ಯಾನ ಕಾಲು ನೋಡಿ ನಂಗ ಎರಡು ದಿನ ತುತ್ತು ಇಳೀಲಿಲ್ಲ."

ಕೂಗಿದೆ. ಏನೇನು ಕೂಗಿದೆ ಅಂತ ಇಲ್ಲಿ ಬರೆಯುವುದಿಲ್ಲ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಬೆರಳ ತುಂಬ ಬೂದಿ.

ಕೂಗಿ ಮುಗಿದ ಮೇಲೆ ತಲೆಗೆ ಹೊಳೆಯಿತು. ಮೂರು ಅಂದರಲ್ಲ?

"ಮೂರನೇದು ಏನಾತು?"

"ಅದು ಛಲೋ ಬಂತಲ್ಲ. ಲಖ್ಖ ಹೊಳೀತಿತ್ತು. ನಿನ್ನ ಡಬ್ಬ್ಯಾಗೇ ಇಟ್ಟೀನಿ."

ಹದಿನೇಳು.

ಫೆಬ್ರವರಿ 27, ಗುರುವಾರ

ಮೊದಲು ಕೆಟ್ಟ ಅನುಮಾನ. ಬೆಳಗುತ್ತಿರುವುದು ವಿಭೂತಿಯೇ ಆಗಿದ್ದರೆ? ಈಗಿನ ಅಂಗಡಿ ವಿಭೂತಿಯಲ್ಲಿ ಬಿಳಿ ಕಾಣಲಿ ಅಂತ ಏನೇನು ಹಾಕುತ್ತಾರೋ. ಹಾಗಾದರೆ ನನ್ನ ಇಪ್ಪತ್ತೆರಡು ಸುಳ್ಳು, ನಾಲ್ಕು ತಿಂಗಳ ಹೆಮ್ಮೆಯೂ ಸುಳ್ಳು.

ಬಣ್ಣ ಹಾಕದೆ ಬರೀ ವಿಭೂತಿ ಅಳೆದೆ. ಏನೂ ಇಲ್ಲ. ಬೆಳ್ಳಿಯ ಮೇಲೆ ವಿಭೂತಿ, ಬಣ್ಣವಿಲ್ಲದೆ. ಏನೂ ಇಲ್ಲ. ಗಾಜಿನ ಮೇಲೆ ವಿಭೂತಿ, ಅದರ ಮೇಲೆ ಬಣ್ಣ. ಒಂದು. ಒಂದೇ! ಬೆಳಕು ಬಣ್ಣದ್ದೇ, ಹೆಚ್ಚಿಸಿದ್ದು ಬೆಳ್ಳಿಯೇ. ಕುರ್ಚಿಯಿಂದ ಎದ್ದು ಒಬ್ಬಳೇ ಕುಣಿದೆ.

ಆಮೇಲೆ ಗೇಟಿಗೆ ಹೋದೆ. ಕಿಷ್ಟಪ್ಪನಿಗೆ ಎಲ್ಲ ಹೇಳಿ ತಪ್ಪಾಯಿತು ಅಂದೆ. ಅವನು "ಅಮ್ಮಾವ್ರಿಗಿ ಬಯ್ದಿಲ್ಲಲ್ರಿ?" ಅಂತ ಕೇಳಿದ. ಬೈದಿಲ್ಲ ಅಂತ ಸುಳ್ಳು ಹೇಳಿದೆ. ಪ್ರಿನ್ಸಿಪಾಲರಿಗೆ ಇನ್ನೊಂದು ಕಾಗದ ಬರೆದು ಕೊಟ್ಟೆ, ಈ ಸಲ ನನ್ನ ತಪ್ಪು ಅಂತ. ನಾಳೆಯಿಂದ ಅವನು ಲ್ಯಾಬಿಗೆ ಬರುತ್ತಾನೆ.

ಮಾರ್ಚ್ 3, ಸೋಮವಾರ

ಹಳೆಯ ಡಬ್ಬಿಗಳಲ್ಲಿ ಕಪ್ಪಾದ ಗಾಜು ಇಪ್ಪತ್ತು ಇವೆ. ಬಿಸಾಡುತ್ತೇನೆ ಅಂದಿದ್ದೆ, ಬಿಸಾಡಿರಲಿಲ್ಲ.

ವಿಭೂತಿ ಗಟ್ಟಿ ತಂದು ನಾನೇ ತಿಕ್ಕಿದೆ. ಮೆತ್ತಗೆ, ಬೆಣ್ಣೆಯಲ್ಲಿನ ಕೂದಲು ತೆಗೆದ ಹಾಗೆ, ಒಂದು ಚುಕ್ಕೆ ಕಪ್ಪು ಕಂಡರೂ ಬಿಡದೆ. ಕನ್ನಡಿಯ ಹಾಗೆ ಹೊಳೆದವು. ಬಣ್ಣ ಹಾಕಿ ಅಳೆದೆ. 0.3. 0.4. 0.3. ಎಂಟು ಗಾಜು ಕೆಟ್ಟವು.

ಹದಿನೇಳು ದಿನ ಉಳಿದಿದೆ.

ಮಾರ್ಚ್ 6, ಗುರುವಾರ

ಅತ್ತೆಯನ್ನು ಆಟೋದಲ್ಲಿ ಲ್ಯಾಬಿಗೆ ಕರೆತಂದೆ. "ನಾ ಮುಟ್ಟಿದ್ರ ಮತ್ತ ಒಡೀತದ, ಬ್ಯಾಡ" ಅಂತ ಮನೆಯಲ್ಲೇ ಹಟ ಹಿಡಿದಿದ್ದರು. ಒಡೆದರೆ ಒಡೆಯಲಿ ಅಂದೆ. ಕಿಷ್ಟಪ್ಪ ತನ್ನ ಕುರ್ಚಿಗೆ ಟವೆಲ್ ಹಾಸಿ ಕೂರಿಸಿದ. ಅವರು ಅವನ ಎರಡೂ ಕೈ ಹಿಡಿದುಕೊಂಡರು.

ಯಾವ ಬೆರಳಿನಲ್ಲಿ ತಿಕ್ಕುತ್ತಾರೆ ಅಂತ ನೋಡಿದೆ. ಉಂಗುರದ ಬೆರಳು.

"ಅದರಿಂದ ಯಾಕ್ರಿ?"

"ತೋರು ಬೆರಳಿಗಿ ಸೊಕ್ಕು ಭಾಳ. ಒತ್ತತದ. ಇದು ಪಾಪ ಮೆತ್ತಗ."

ಗಾಜನ್ನು ನೋಡುವುದೇ ಇಲ್ಲ, ಮುಖ ಬಾಗಿಲ ಕಡೆ. ಎರಡು ಸುತ್ತು, ನಾಲ್ಕು ಸುತ್ತು, ಸೆರಗಿನ ತುದಿಯಿಂದ ಒಂದು ಒರೆಸು. "ಕಪ್ಪು ಹೋತಂದ್ರ ಬೆರಳಿಗಿ ತಿಳೀತದ. ಜಾರಾಕ ಹತ್ತತದ. ಹೋತಿಲ್ಲೋ ನೋಡು" ಅಂತ ನನ್ನ ಕಡೆ ಚಾಚಿದರು. ನನಗೆ ಇನ್ನೂ ಒಂದಿಷ್ಟು ಕಂದು ಛಾಯೆ ಕಂಡಿತು. ಅಷ್ಟು ಖುಷಿಯಲ್ಲಿದ್ದವರಿಗೆ ಹೇಳಲು ಮನಸ್ಸಾಗಲಿಲ್ಲ. ಹೋಯಿತು ಅಂದೆ.

11. 6. 19. 14.

ನಾಲ್ಕಕ್ಕೆ ನಾಲ್ಕೂ! ಕಿಷ್ಟಪ್ಪ ಶಿಳ್ಳೆ ಹಾಕಿದ. ನನಗೆ ಐದು ವರ್ಷದಲ್ಲಿ ಬಾರದ್ದು ಇವರ ಒಂದು ಬೆರಳಿಗೆ ಬಂದಿದೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ಹೇಳಿಕೊಳ್ಳೋಣ ಅಂದರೆ ಮೀಸೆ ಪೂರಾ ಮಣ್ಣು. ಆದರೂ ಸಂತೋಷವಾಗಿದೆ. ಇನ್ನು ಎಂಟು ಮಾಡಿಸಿದರೆ ಸಮಿತಿಗೆ ಹನ್ನೆರಡಾಗುತ್ತದೆ.

ಐದನೆಯದನ್ನು ಎತ್ತಿಕೊಳ್ಳಲು ಅವರು ಕೈ ಚಾಚಿದರು. ಮೇಜಿನ ಮೇಲೆಲ್ಲ ತಡಕಾಡಿದರು. ಗಾಜು ಒಂದು ಗೇಣು ಆಚೆ, ಬಿಸಿಲಲ್ಲಿ, ಎದುರಿಗೇ ಇತ್ತು.

ಇವತ್ತಿಗೆ ಸಾಕು ಅಂದೆ.

ಮಾರ್ಚ್ 8, ಶನಿವಾರ

ಬಸ್ ಸ್ಟ್ಯಾಂಡ್ ಹಿಂದಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗದ್ದ ಯಂತ್ರದ ಮೇಲೆ ಇಡಿಸಿ, ಕಣ್ಣಿಗೆ ಕಿತ್ತಳೆ ಬಣ್ಣದ ಕಾಗದದ ಪಟ್ಟಿ ತಾಗಿಸಿ, ನೀಲಿ ಬೆಳಕು ಬಿಟ್ಟರು. ಕಣ್ಣು ಹಸಿರಾಗಿ ಬೆಳಗಿತು. ನನ್ನ ಬಣ್ಣದ ದಾಯಾದಿ! ಐದು ವರ್ಷ ಇದೇ ವಂಶದ ಬಣ್ಣಗಳ ಜೊತೆ ಬಾಳಿದ್ದೇನೆ, ಅದು ಬೆಳಗಿದ್ದು ನೋಡಿ ಹೆದರಿದ್ದು ಇದೇ ಮೊದಲು.

"ಮೋತಿಬಿಂದು, ಕಣ್ಣಿನ ಪೊರಿ, ಪೂರಾ ಹಣ್ಣಾಗ್ಯದ, ಪ್ರೆಶರ್ ಏರಾಕತ್ತದ" ಅಂದರು ಡಾಕ್ಟರು. "ಇಷ್ಟು ದಿನ ಏನ್ ಮಾಡಿದ್ರಿ? ಇನ್ನ ತಡ ಮಾಡಿದ್ರ ನರ ಹೋಗ್ತದ. ಆಮ್ಯಾಲ ಪೊರಿ ತೆಗದ್ರೂ ಕಾಣಲ್ಲ."

ಯಂತ್ರದಿಂದ ಗದ್ದ ಎತ್ತಿ ಉತ್ತರ ಕೊಟ್ಟದ್ದು ಅವ್ವ. "ಆಕೀದೇನಿಲ್ರಿ, ನಾನೇ ಮಾರ್ಚ್ ಆಗ್ಲಿ ಅಂದಿದ್ದೆ."

ಜ್ಞಾನೇಶ್ವರನಿಗೆ ಫೋನು ಮಾಡಿದೆ. ತಾಂಡೂರಿನ ಆಸ್ಪತ್ರೆಯಲ್ಲಿ ಹದಿಮೂರಕ್ಕೆ ಆಪರೇಷನ್. ನಲವತ್ತು ದಿನ ಒಲೆ, ಧೂಳು, ಬೂದಿ ಮುಟ್ಟುವ ಹಾಗಿಲ್ಲ, ಬಗ್ಗಿ ಕೂರುವ ಹಾಗಿಲ್ಲ. ನಾಳೆಯಿಂದಲೇ ಹನಿ ಹಾಕಬೇಕು, ಬೂದಿ ಇವತ್ತಿಗೇ ಬಂದ್. ಬರುವಾಗ ಅವ್ವನಿಗೆ ಇಷ್ಟ ಅಂತ ಕಲ್ಲಂಗಡಿ ತಂದೆ.

ಮಾರ್ಚ್ 10, ಸೋಮವಾರ

ಕಲ್ಯಾಣಪ್ಪ ಸರ್‌ಗೆ ನಾಲ್ಕು ಗಾಜಿನ ವಿಷಯ ಹೇಳಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ನಕ್ಕರು. ಆಮೇಲೆ ಎರಡು ಮಾತು ಹೇಳಿದರು. ಒಂದು, ವರದಿಯಲ್ಲಿ ವಿಭೂತಿ, ಅತ್ತೆ ಅಂತೆಲ್ಲ ಬರೆಯಬಾರದು, "ಮೃದು ಘರ್ಷಣ ವಿಧಾನ" ಅಂತ ಬರೆಯಬೇಕು. ಎರಡು, ನಾಲ್ಕು ಸಾಲದು, ಹನ್ನೆರಡು ಬೇಕು.

"ಆಪರೇಷನ್ ಒಂದು ವಾರ ಮುಂದ ಹಾಕಿದ್ರ ಏನಾಗ್ತದ, ಮಾಧುರಿ? ಇಷ್ಟು ದಿನ ತಡೆದಾರ. ಐದು ವರ್ಷದ ಪ್ರಶ್ನೆ ಇದು."

ನೆಟ್‌ವರ್ಕ್ ಸರಿ ಇಲ್ಲ ಸರ್, ಕೇಳಿಸುತ್ತಿಲ್ಲ ಅಂತ ಇಟ್ಟುಬಿಟ್ಟೆ. ಡಾಕ್ಟರು ದಿನ ಕೊಟ್ಟಾಗಿದೆ, ಜ್ಞಾನೇಶ್ವರ ರಜೆ ಬರೆದಾಗಿದೆ. ಇನ್ನೊಮ್ಮೆ ಎಲ್ಲ ಬದಲಿಸುವುದು ಯಾರಿಗೆ ಬೇಕು?

ಮಾರ್ಚ್ 13, ಗುರುವಾರ. ತಾಂಡೂರು

ಆಯಿತು. ಇಪ್ಪತ್ತೇ ನಿಮಿಷ. ಒಳಗೆ ಕರೆದುಕೊಂಡು ಹೋಗುವಾಗ ಬಳೆ ತೆಗೆದು ನನ್ನ ಕೈಗೆ ಹಾಕಿದರು. ಈಗ ಮಲಗಿದ್ದಾರೆ. ಬಳೆ ಇನ್ನೂ ನನ್ನ ಕೈಯಲ್ಲೇ ಇವೆ, ಸ್ವಲ್ಪ ಬಿಗಿ.

ಮಾರ್ಚ್ 20, ಗುರುವಾರ

ಬೆಳಗಿನ ಬಸ್ಸಿಗೆ ಹೈದರಾಬಾದಿಗೆ ಹೋಗಿ ಬಂದೆ.

ವರದಿಯಲ್ಲಿ ನಾನು ಬರೆದದ್ದು: "ಮನೆಯಲ್ಲಿ ಬೆಳ್ಳಿ ದೀಪ ಬೆಳಗುವ ವಿಧಾನ. ಸಾಧನ: ವಿಭೂತಿ, ಉಂಗುರದ ಬೆರಳು. ಮಾಡಿದವರು: ರುಕ್ಮಿಣೀಬಾಯಿ." ಮೃದು ಘರ್ಷಣ ಅಂತ ಬರೆಯಲು ಎರಡು ಸಲ ಕೂತೆ, ಪೆನ್ನು ಮುಂದೆ ಹೋಗಲಿಲ್ಲ. ಹಿಂದೊಮ್ಮೆ ಇನ್ನೊಬ್ಬರ ಕೈಯ ಕೆಲಸಕ್ಕೆ ಕಿಷ್ಟಪ್ಪನ ಹೆಸರು ಬರೆದು ಕೊಟ್ಟವಳು ನಾನು. ಈ ಸಲವಾದರೂ ಸರಿಯಾದ ಹೆಸರು ಇರಲಿ.

ಐದು ಜನ ಸಮಿತಿ. ಅವರ ಯಂತ್ರದಲ್ಲೇ ಅಳೆದರು. 10, 6, 18, 13. ನಮ್ಮ ಲೆಕ್ಕಕ್ಕೆ ಸರಿಯಾಯಿತು.

"ನಾಲ್ಕೇ ಯಾಕೆ?" ಅಂತ ಅಧ್ಯಕ್ಷರು ಕೇಳಿದರು.

"ತಿಕ್ಕುವವರ ಕಣ್ಣಿನ ಆಪರೇಷನ್ ಆಗಿದೆ ಸರ್. ನಲವತ್ತು ದಿನ ಬೂದಿ ಮುಟ್ಟುವ ಹಾಗಿಲ್ಲ."

ಇಬ್ಬರು ನಕ್ಕರು. ಕಲ್ಯಾಣಪ್ಪ ಸರ್ ಫ್ಯಾನು ನೋಡುತ್ತ ಕೂತರು. ಆದರೆ ಮೂಲೆಯಲ್ಲಿದ್ದ ವಯಸ್ಸಾದ ಮೇಡಂ ಒಬ್ಬರು ನಗಲಿಲ್ಲ. ಹದಿನೇಳನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಬೆಳಗುತ್ತಿರುವುದು ನಿಜ. ಆದರೆ ಒಬ್ಬರ ಬೆರಳನ್ನು ನಂಬಿ ಪದವಿ ಕೊಡಲಾಗದು. ಬಣ್ಣಕ್ಕೂ ಬೆಳ್ಳಿಗೂ ನಡುವೆ ಪೊರೆ ಇಲ್ಲದೆ ಇದು ಸಾಧ್ಯವೇ ಇಲ್ಲ. ನೀನು ಹಾಕಿಲ್ಲ ಅನ್ನುತ್ತೀ. ಹಾಗಾದರೆ ಪೊರೆ ಎಲ್ಲಿಂದ ಬಂತು?"

ಗೊತ್ತಿಲ್ಲ ಮೇಡಂ ಅಂದೆ.

ಸೆಪ್ಟೆಂಬರ್ ಮೂವತ್ತರವರೆಗೆ ಗಡುವು ಕೊಟ್ಟಿದ್ದಾರೆ. ಪೊರೆ ಎಲ್ಲಿಂದ ಬಂತು ಅಂತ ಹೇಳಿ, ಅದನ್ನು ಯಾರು ಬೇಕಾದರೂ ಮಾಡುವ ಹಾಗೆ ತೋರಿಸಿದರೆ ಸರಿ. ಇಲ್ಲದಿದ್ದರೆ ರದ್ದು. ಬಸ್ಸಿನಲ್ಲಿ ಅಳು ಬರುತ್ತದೆ ಅಂದುಕೊಂಡಿದ್ದೆ, ನಿದ್ದೆ ಬಂತು. ಸಂಗಾರೆಡ್ಡಿ ದಾಟಿದ ಮೇಲೆ ಎಚ್ಚರವಾಗಿ ಗಾಬರಿಯಾಯಿತು: ನಾಲ್ಕು ಗಂಟೆಯ ಹನಿ ಅವ್ವನಿಗೆ ಯಾರು ಹಾಕಿದರು? ಫೋನು ಮಾಡಿದೆ. ಕಿಷ್ಟಪ್ಪ ಮನೆಗೆ ಬಂದು ಹಾಕಿ ಹೋಗಿದ್ದನಂತೆ.

ಮಾರ್ಚ್ 22, ಶನಿವಾರ

ಅವ್ವ ಬೆಳಿಗ್ಗೆಯಿಂದ ಮನೆ ತುಂಬ ತಪ್ಪು ಹುಡುಕುತ್ತಿದ್ದಾರೆ. ಕರಿ ಕನ್ನಡಕ ಹಣೆಗೇರಿಸಿ ಗ್ಯಾಸ್ ಕಟ್ಟೆಯ ಜಿಡ್ಡು, ಫ್ರಿಜ್ಜಿನ ಬಾಗಿಲ ಕಲೆ, ನನ್ನ ತಲೆಯ ನರೆ, ಎಲ್ಲ ಒಂದೊಂದಾಗಿ ತೋರಿಸಿದರು. ಅತ್ತೆಗೊಂದು ಕಾಲ ಅನ್ನುವುದು ಇದಕ್ಕೇ ಇರಬೇಕು. ಕನ್ನಡಕ ಇಳಿಸ್ರಿ ಅಂದರೆ ಕೇಳುವುದಿಲ್ಲ.

"ಎಲ್ಲಿ, ನಾ ತಿಕ್ಕಿದ್ದು ತೋರ್ಸು. ನಾನೂ ನೋಡ್ತೀನಿ."

ಚೀಲದಿಂದ ಹದಿನೇಳನ್ನು ತೆಗೆದು ಕೈಗೆ ಕೊಟ್ಟೆ. ಕಿಟಕಿಯ ಹತ್ತಿರ ಹೋಗಿ, ಮುಖದ ಹತ್ತಿರ ತಂದು ನೋಡಿದರು. ಮುಖ ಸಣ್ಣದಾಯಿತು.

"ಅಯ್ಯ, ಇದೇನ್ ತಿಕ್ಕೀನಿ ನಾ! ಕಪ್ಪು ಹಂಗೇ ಉಳದದಲ್ಲ!"

ಸೆರಗಿನ ತುದಿ ಉಂಗುರದ ಬೆರಳಿಗೆ ಸುತ್ತಿಕೊಂಡರು. ನಾನು ಓಡಿ ಹೋಗಿ ಕೈ ಹಿಡಿದೆ.

"ಬ್ಯಾಡ ಅವ್ವ! ಇರ್ಲಿ ಅದು."

"ಇನ್ನ ಮೈ ತುಂಬ ಅದ. ನೋಡಿದವರು ಏನಂದಾರು? ಕಂಡಿದ್ರ ನಾ ಹಿಂಗ ಬಿಡ್ತಿದ್ನಾ? ಒಂದು ಚುಕ್ಕಿ ಉಳಸ್ತಿರಲಿಲ್ಲ."

ಅವರ ಕೈ ಹಿಡಿದುಕೊಂಡೇ ನಿಂತುಬಿಟ್ಟೆ. ಒಂದು ಚುಕ್ಕೆಯೂ ಉಳಿಸದೆ ತಿಕ್ಕಿದ್ದು ನಾನು. ನನ್ನವು ಎಂಟೂ ಸತ್ತವು. ಅವರವು ಉಳಿದವು, ಯಾಕೆಂದರೆ ಅವರಿಗೆ ಕಾಣಲಿಲ್ಲ. ಬೆರಳು ಜಾರುವಷ್ಟು ತಿಕ್ಕಿ ಬಿಟ್ಟರು. ಕಣ್ಣಿಗಷ್ಟೇ ಕಾಣುವ ಒಂದು ತೆಳು ಕಪ್ಪು ಬೆಳ್ಳಿಯ ಮೇಲೆ ಉಳಿಯಿತು. ಎಷ್ಟು ದಪ್ಪ ಅಂತ ಅಳೆಯಬೇಕು. ಹತ್ತು ನ್ಯಾನೋಮೀಟರು ಇರಬಹುದು, ಇಲ್ಲದಿರಬಹುದು, ಬೂದಿಯ ಪಾಲೂ ಇರಬಹುದು. ಆದರೆ ಆ ಮೇಡಂಗೆ ಹೇಳಲು ಈಗ ನನ್ನ ಹತ್ತಿರ ಒಂದು ಮಾತಿದೆ. ಬೆಳ್ಳಿಯ ಮೇಲಿನ ಪೊರೆ ಉಳಿದದ್ದು ಕಣ್ಣಿನ ಪೊರೆಯಿಂದ.

ಅವ್ವನನ್ನು ಕೂರಿಸಿ, ಕನ್ನಡಕ ಇಳಿಸಿ, ಎಲ್ಲ ಹೇಳಿದೆ. ಕಪ್ಪು ಉಳಿದದ್ದಕ್ಕೇ ಬೆಳಗಿದ್ದು, ಲಖ್ಖ ಆಗಿದ್ದರೆ ಬೆಳಗುತ್ತಿರಲಿಲ್ಲ ಅಂದೆ. ಇನ್ನು ಅವರು ತಿಕ್ಕಿದರೆ ಉಪಯೋಗವಿಲ್ಲ, ಎಲ್ಲ ಕಾಣುತ್ತದೆ. ನಾನೇ ಸೆಪ್ಟೆಂಬರ್ ಒಳಗೆ ಬೇರೆ ದಾರಿ ಹುಡುಕಬೇಕು.

"ಮತ್ತ ನನ್ನ ಪೊರಿ ಮೊದಲೇ ಯಾಕ ತೆಗಿಸಿದಿ? ನಿನ್ನ ಕೆಲಸ ಮುಗದ ಮ್ಯಾಲ ತೆಗಿಸಬೇಕಿತ್ತಿಲ್ಲ?"

"ಆಗ ಗೊತ್ತಿರಲಿಲ್ಲಲ್ಲ ಅವ್ವ."

"ಗೊತ್ತಿದ್ದಿದ್ರ?"

ಎಂಥ ಪ್ರಶ್ನೆ! ಡಾಕ್ಟರು ಹದಿಮೂರು ಅಂದ ಮೇಲೆ ಹದಿಮೂರೇ.